ಪ್ರಾಣಿ ಕಲ್ಯಾಣ ಸಂಸ್ಥೆಯಲ್ಲಿ ವೆಟರಿನರಿ ನರ್ಸ್ ಕೆಲಸ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ಖಾಸಗಿ ಪಶು ಚಿಕಿತ್ಸಾಲಯವೊಂದರಲ್ಲಿ ಎರಡು ವರ್ಷಗಳಿಂದ ನರ್ಸ್ ಆಗಿದ್ದೇನೆ. ಈಗ ದೇಣಿಗೆಯಿಂದ ನಡೆಯುವ ಪ್ರಾಣಿ ಕಲ್ಯಾಣ ಸಂಸ್ಥೆಯೊಂದಕ್ಕೆ ಸೇರುವ ಯೋಚನೆಯಿದೆ. ಅಲ್ಲಿಯ ಕೆಲಸ ಯಾವ ರೀತಿಯಲ್ಲಿ ಬೇರೆ?

ಉತ್ತರ: ನಮಸ್ಕಾರ. ಡ್ರಿಪ್ ಹಾಕುವುದು, ರಕ್ತ ತೆಗೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಎಲ್ಲ ಕಡೆಯೂ ಒಂದೇ. ಆದರೆ ಖಾಸಗಿ ಚಿಕಿತ್ಸಾಲಯಕ್ಕೆ ಪ್ರಾಣಿಯ ಜೊತೆಯಲ್ಲಿ ಅದರ ಪರವಾಗಿ ಮಾತನಾಡುವವರೊಬ್ಬರು ಬಂದಿರುತ್ತಾರೆ. ನಿನ್ನೆಯಿಂದ ಊಟ ಬಿಟ್ಟಿದೆ, ಬೆಳಿಗ್ಗೆ ಎರಡು ಸಲ ವಾಂತಿ ಮಾಡಿತು, ಲಸಿಕೆ ಹಾಕಿಸಿ ವರ್ಷವಾಯಿತು ಎಂದು ಅವರು ಹೇಳುತ್ತಿದ್ದಂತೆ ವೈದ್ಯರಿಗೆ ಅರ್ಧ ದಾರಿ ಸಿಕ್ಕಿರುತ್ತದೆ. ಸಂಸ್ಥೆಗೆ ಬರುವ ಬಹುಪಾಲು ಪ್ರಾಣಿಗಳಿಗೆ ಹಾಗೆ ಹೇಳುವವರು ಇಲ್ಲ. ಆ ಜಾಗದಲ್ಲಿ ನರ್ಸ್ ನಿಲ್ಲಬೇಕಾಗುತ್ತದೆ. ಹಲ್ಲು ನೋಡಿ ವಯಸ್ಸನ್ನು ಅಂದಾಜು ಮಾಡುವುದು, ಕತ್ತಿನ ಸುತ್ತ ರೋಮ ಸವೆದಿದ್ದರೆ ಹಿಂದೊಮ್ಮೆ ಯಾರದೋ ಮನೆಯಲ್ಲಿತ್ತೆಂದು ಊಹಿಸುವುದು, ಚರ್ಮದಡಿ ಗುರುತಿನ ಮೈಕ್ರೋಚಿಪ್ ಇದೆಯೇ ಎಂದು ಸ್ಕ್ಯಾನರ್ ಆಡಿಸುವುದು, ರಾತ್ರಿ ಎಷ್ಟು ನೀರು ಕುಡಿಯಿತು, ಮೂತ್ರ ಮಾಡಿತೇ ಎಂಬುದನ್ನೆಲ್ಲ ಕೇಸ್ ಶೀಟಿನಲ್ಲಿ ಬರೆದಿಡುವುದು ಇಲ್ಲಿ ಚಿಕಿತ್ಸೆಯ ಮೊದಲ ಭಾಗ.

ನಾನು ಸೇರಿದ ಹೊಸತರಲ್ಲಿ ಒಂದು ರಾತ್ರಿ ಗೇಟಿನ ಬಳಿ ಯಾರೋ ರಟ್ಟಿನ ಪೆಟ್ಟಿಗೆಯೊಂದನ್ನು ಇಟ್ಟು ಹೋಗಿದ್ದರು. ಒಳಗೆ ಇನ್ನೂ ಕಣ್ಣು ಬಿಡದ, ಅಂದರೆ ಹುಟ್ಟಿ ಎರಡು ವಾರವೂ ಆಗದ ನಾಲ್ಕು ಬೆಕ್ಕಿನ ಮರಿಗಳಿದ್ದವು. ಒಂದರ ಬಾಯೊಳಗೆ ಬೆರಳಿಟ್ಟರೆ ತಣ್ಣಗಿತ್ತು. ಹಸಿದಿರಬೇಕೆಂದು ನಾನು ಹಾಲು ತುಂಬಿದ ಸಿರಿಂಜ್ ಹಿಡಿದಾಗ ಹಿರಿಯ ನರ್ಸ್ ನನ್ನ ಕೈ ತಡೆದು, ಮೊದಲು ಥರ್ಮಾಮೀಟರ್ ಇಡಲು ಹೇಳಿದರು. 33 ಡಿಗ್ರಿ ಸೆಲ್ಸಿಯಸ್ ಇತ್ತು. ಮೈ ತಣ್ಣಗಾದ ಮರಿಯ ಕರುಳು ಕೆಲಸ ಮಾಡುವುದಿಲ್ಲ. ಕುಡಿಸಿದ ಹಾಲು ಹೊಟ್ಟೆಯಲ್ಲೇ ನಿಲ್ಲುತ್ತದೆ, ಅಥವಾ ನುಂಗುವ ಶಕ್ತಿಯಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಗಳ ನಡುವೆ ಮರಿಗಳನ್ನು ನಿಧಾನವಾಗಿ ಬೆಚ್ಚಗಾಗಿಸಿ, ಉಷ್ಣತೆ 36ರ ಹತ್ತಿರ ಬಂದ ಮೇಲೆಯೇ ಹೊಟ್ಟೆ ಕೆಳಗಾಗುವಂತೆ ಮಲಗಿಸಿ ಹಾಲು ಕೊಟ್ಟೆವು. ಕುಡಿದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗವನ್ನು ಮೆಲ್ಲನೆ ಒರೆಸಿ ಮೂತ್ರ ಮಾಡಿಸಿದೆವು, ಏಕೆಂದರೆ ತಾಯಿ ನೆಕ್ಕಿ ಪ್ರಚೋದಿಸದೆ ಅಷ್ಟು ಎಳೆಯ ಮರಿಗಳು ತಾವಾಗಿ ಮೂತ್ರ ಮಾಡುವುದಿಲ್ಲ. ನಾಲ್ಕರಲ್ಲಿ ಮೂರು ಉಳಿದವು.

ಪ್ರಶ್ನೆ: ಮುಟ್ಟಲೂ ಬಿಡದ ಬೀದಿ ಬೆಕ್ಕಿಗೆ ನೋವಿದೆಯೋ ಇಲ್ಲವೋ ಎಂಬುದನ್ನು ಹೇಗೆ ತಿಳಿಯುತ್ತೀರಿ?

ಉತ್ತರ: ಪಂಜರದ ಹೊರಗೆ ಸುಮ್ಮನೆ ನಿಂತು ಮುಖ ನೋಡುತ್ತೇನೆ. ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಳತೆಯೊಂದಿದೆ. ಕಿವಿಗಳ ಸ್ಥಾನ, ಕಣ್ಣು ಕಿರಿದಾಗಿರುವುದು, ಮೂತಿಯ ಬಿಗಿತ, ಮೀಸೆಯ ನಿಲುವು, ತಲೆಯ ಮಟ್ಟ ಎಂಬ ಐದು ಅಂಶಗಳಿಗೆ ತಲಾ 0, 1 ಅಥವಾ 2 ಅಂಕ ಕೊಡಬೇಕು. ಒಟ್ಟು 10ರಲ್ಲಿ 4 ಅಥವಾ ಹೆಚ್ಚು ಬಂದರೆ ನೋವಿನ ಔಷಧದ ಬಗ್ಗೆ ವೈದ್ಯರ ಜೊತೆ ಮಾತನಾಡುತ್ತೇವೆ. ಸದ್ದಿಲ್ಲದೆ ಮೂಲೆಯಲ್ಲಿ ಕುಳಿತ ಬೆಕ್ಕನ್ನು ಶಾಂತವಾಗಿದೆ ಎಂದು ಬರೆಯುವುದನ್ನು ನಾನು ಈ ಅಳತೆ ಕಲಿತ ಮೇಲೆ ಬಿಟ್ಟೆ. ಇನ್ನೊಂದು ಮಾತು: ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಬೆಕ್ಕಿಗೆ ಎಂದಿಗೂ ಕೊಡಬೇಡಿ. ಅದನ್ನು ಅರಗಿಸುವ ಸಾಮರ್ಥ್ಯ ಬೆಕ್ಕಿನ ಯಕೃತ್ತಿಗಿಲ್ಲ; ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು.

ಪ್ರಶ್ನೆ: ಒಂದೇ ದಿನ ಹತ್ತಾರು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆಯುವಾಗ ನರ್ಸ್ ಹೆಚ್ಚು ಎಚ್ಚರವಾಗಿರಬೇಕಾದದ್ದು ಯಾವಾಗ?

ಉತ್ತರ: ಮೇಜಿನ ಮೇಲಿರುವಾಗ ಎಲ್ಲರ ಕಣ್ಣೂ ಪ್ರಾಣಿಯ ಮೇಲಿರುತ್ತದೆ. ಐದು ನಿಮಿಷಕ್ಕೊಮ್ಮೆ ನಾಡಿ, ಉಸಿರಾಟ ಮತ್ತು ವಸಡಿನ ಬಣ್ಣವನ್ನು ಬರೆಯುತ್ತೇವೆ. ವಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ಅಪಾಯ ಹೆಚ್ಚಿರುವುದು ಹೊಲಿಗೆ ಮುಗಿದು, ಎಲ್ಲರೂ ಮುಂದಿನ ಪ್ರಾಣಿಯ ಕಡೆಗೆ ತಿರುಗಿದ ಮೇಲೆ. ಶಸ್ತ್ರಚಿಕಿತ್ಸೆಯ ನಂತರ ಆಗುವ ಸಾವುಗಳಲ್ಲಿ ಹೆಚ್ಚಿನವು ಮೊದಲ ಮೂರು ಗಂಟೆಗಳಲ್ಲೇ ಆಗುತ್ತವೆ. ಆದ್ದರಿಂದ ಚೇತರಿಕೆಯ ಕೋಣೆಗೆ ಬೇರೆ ಯಾವ ಕೆಲಸವನ್ನೂ ವಹಿಸದ ಒಬ್ಬರು ಇರಲೇಬೇಕೆಂದು ನಾನು ಹಟ ಹಿಡಿಯುತ್ತೇನೆ.

ಪ್ರಶ್ನೆ: ನಾನು ಸ್ವಯಂಸೇವಕ. ಪಾರ್ವೊ ಬಂದ ನಾಯಿಮರಿಗಳನ್ನು ನೋಡಿಕೊಳ್ಳುವಾಗ ಪ್ರತಿ ಸಲ ಸ್ಯಾನಿಟೈಸರ್ ಹಚ್ಚಿಕೊಳ್ಳುತ್ತೇನೆ. ಸಾಕೇ?

ಉತ್ತರ: ಸಾಲದು. ನಾಯಿಮರಿಗಳಿಗೆ ವಾಂತಿ-ಭೇದಿ ತರುವ ಈ ಪಾರ್ವೊ ವೈರಸ್ ಆಲ್ಕೋಹಾಲಿಗೆ ಬಗ್ಗುವುದಿಲ್ಲ, ನೆಲದ ಮೇಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಮೊದಲು ಕೊಳೆಯನ್ನೆಲ್ಲ ತೊಳೆದು, ಆಮೇಲೆ ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ ನೆಲಕ್ಕೆ ಹಾಕಿ ಹತ್ತು ನಿಮಿಷ ಬಿಡಬೇಕು. ಕೈಗೆ ಗ್ಲೌಸ್ ಹಾಕಿ, ನಂತರ ಸೋಪಿನಿಂದ ತೊಳೆಯಿರಿ. ಆ ಕೋಣೆಯ ಚಪ್ಪಲಿ ಆ ಕೋಣೆಯಲ್ಲೇ ಇರಲಿ. ದಿನದ ಸುತ್ತಿನಲ್ಲಿ ಆ ಮರಿಗಳನ್ನು ಎಲ್ಲಕ್ಕಿಂತ ಕೊನೆಯಲ್ಲಿ ನೋಡಿ.

ಪ್ರಶ್ನೆ: ಕೇಳಲು ಸಂಕೋಚವಾಗುತ್ತದೆ. ದಯಾಮರಣ ಕೊಡುವ ದಿನಗಳಲ್ಲಿ ನೀವು ಹೇಗೆ ಕೆಲಸ ಮಾಡುತ್ತೀರಿ?

ಉತ್ತರ: ಸಂಕೋಚ ಬೇಡ; ಈ ಕೆಲಸಕ್ಕೆ ಬರುವವರೆಲ್ಲರೂ ಕೇಳಲೇಬೇಕಾದ ಪ್ರಶ್ನೆ ಇದು. ನಿರ್ಧಾರ ವೈದ್ಯರದು, ಚುಚ್ಚುಮದ್ದು ಒಳಗೆ ಹೋಗುವಾಗ ಪ್ರಾಣಿಯನ್ನು ಹಿಡಿದಿರುವುದು ನರ್ಸ್. ಬೆನ್ನುಮೂಳೆ ಮುರಿದು ಬಂದ ಒಂದು ಮುದಿ ನಾಯಿಯನ್ನು ಹಿಡಿದಿದ್ದಾಗ ಅದು ನನ್ನ ಮಣಿಕಟ್ಟಿನ ಮೇಲೆ ಗಲ್ಲ ಊರಿಕೊಂಡಿತು. ತಲೆಯ ಭಾರ ಹೆಚ್ಚಾದದ್ದರಿಂದಲೇ ನನಗೆ ಮೊದಲು ತಿಳಿಯಿತು. ಮೊದಲೇ ನಿದ್ರೆಯ ಔಷಧ ಕೊಡುವುದು, ಕೋಣೆಯಲ್ಲಿ ಮಾತು ನಿಲ್ಲಿಸುವುದು, ಆಗುತ್ತದೆಂದಾದರೆ ಇಷ್ಟದ ತಿಂಡಿಯ ಒಂದು ತುತ್ತು ತಿನ್ನಿಸುವುದು ನಮ್ಮ ಕೈಯಲ್ಲಿದೆ, ಅವನ್ನು ನಾನು ಬಿಡುವುದಿಲ್ಲ. ನನ್ನನ್ನು ಹೆಚ್ಚು ಕಾಡುವುದು ವಾಸಿಯಾಗಬಹುದಾಗಿದ್ದರೂ ಹಣವೋ ಜಾಗವೋ ಸಾಲದೆ ಕಳೆದುಕೊಂಡ ಪ್ರಾಣಿಗಳು. ಅಂಥ ನಿರ್ಧಾರವನ್ನು ಒಬ್ಬರ ಹೆಗಲಿಗೆ ಹಾಕಬಾರದು. ವೈದ್ಯರು, ನರ್ಸ್, ಸಂಸ್ಥೆಯ ಹೊಣೆಗಾರರು ಒಟ್ಟಿಗೆ ಕುಳಿತು, ಕಾರಣವನ್ನು ಬರೆದು ಸಹಿ ಮಾಡಬೇಕು. ನಿದ್ರೆ ಕೆಟ್ಟು, ಪ್ರಾಣಿಯ ಕೂಗು ಕೇಳಿದರೂ ಮನಸ್ಸಿಗೆ ಏನೂ ಅನ್ನಿಸದ ಸ್ಥಿತಿ ಬಂದರೆ ಅದನ್ನು ಗಟ್ಟಿತನವೆಂದು ತಿಳಿಯಬೇಡಿ. ನನಗೂ ಹಾಗಾಗಿತ್ತು, ಮೂರು ವಾರ ರಜೆ ಹಾಕಿ ಆಪ್ತ ಸಮಾಲೋಚಕರನ್ನು ಕಂಡೆ.

ಪ್ರಶ್ನೆ: ಮೊದಲ ಪ್ರಶ್ನೆ ಕೇಳಿದವಳೇ ಮತ್ತೆ ಬಂದಿದ್ದೇನೆ, ಮೇಡಂ. ಮುಂದಿನ ವಾರ ಸಂದರ್ಶನವಿದೆ. ಅವರನ್ನು ನಾನು ಏನು ಕೇಳಬೇಕು?

ಉತ್ತರ: ಸೋಂಕಿನ ಪ್ರಾಣಿಗಳಿಗೆ ಪ್ರತ್ಯೇಕ ವಾರ್ಡ್ ಇದೆಯೇ, ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರುತ್ತಾರೆ, ದಯಾಮರಣದ ನಿಯಮ ಬರಹದಲ್ಲಿದೆಯೇ ಎಂದು ಕೇಳಿ. ರೇಬೀಸ್ ಮುಂಜಾಗ್ರತಾ ಲಸಿಕೆಯನ್ನು ಸಂಸ್ಥೆಯೇ ಹಾಕಿಸುತ್ತದೆಯೇ ಎಂಬುದನ್ನು ತಪ್ಪದೆ ಕೇಳಿ, ಏಕೆಂದರೆ ಲಕ್ಷಣ ಕಾಣಿಸಿಕೊಂಡ ಮೇಲೆ ಆ ರೋಗದಿಂದ ಉಳಿಯುವವರು ಇಲ್ಲವೆನ್ನುವಷ್ಟು ವಿರಳ. ಲಸಿಕೆ ಆಗಿದ್ದರೂ ಕಚ್ಚಿದ ಜಾಗವನ್ನು ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕೊನೆಗೆ, ಒಂದು ಹಳೆಯ ಕೇಸ್ ಶೀಟ್ ತೋರಿಸಬಹುದೇ ಎಂದು ವಿನಂತಿಸಿಕೊಳ್ಳಿ. ರಾತ್ರಿ ಎರಡು ಗಂಟೆಯ ಸಾಲು ತುಂಬಿದೆಯೋ ಖಾಲಿಯಿದೆಯೋ ನೋಡಿ.