ಈ ವಾರದ ಸಮಸ್ಯೆ: ಬೇರು ಮಣ್ಣನು ಮುಟ್ಟದೆಯೆ

ಕಟ್ಟೆಯವ: ಹೋದ ಸಲದ್ದು ಸುಲಭ ಎಂದು ಗೊಣಗಿದವರೇ ಮೊದಲು ಬನ್ನಿ. ನಿಮ್ಮ ಪದ್ಯ ಈ ಸಾಲಿನಿಂದಲೇ ಮುಗಿಯಬೇಕು.
‘ಬೇರು ಮಣ್ಣನು ಮುಟ್ಟದೆಯೆ ಹೂ ಬಿಟ್ಟು ನಗುತಿಹುದು’

ಅಪ್ಪೆಮಿಡಿ (ಶಿರಸಿ): ಗೊಣಗಿದ್ದು ನಾನೇ. ತಗೊಳ್ಳಿ.

ಧಾರೆ ಸುರಿಯುವ ಮಳೆಯ ಕಾಲಕೆ
ಊರ ಹಲಸಿನ ಕೊಂಬೆಗಂಟಿದ
ಮೇರೆ ಮೀರಿದ ಚೆಲುವಿ ಬದನಿಕೆ ಯಾರ ಮಗಳಿವಳು
ನೀರಿಗಿಳಿಯಳು ನೆಲಕೆ ತಾಗಳು
ಜಾರಿ ಬೀಳಳು ಗಾಳಿ ಬೀಸಲು
ಬೇರು ಮಣ್ಣನು ಮುಟ್ಟದೆಯೆ ಹೂ ಬಿಟ್ಟು ನಗುತಿಹುದು

ಕಾಳಿಹೊಳೆ (ಕಾರವಾರ): ಓಟ ಚೆನ್ನಾಗಿದೆ. ಆದರೆ ಬದನಿಕೆಯಾ? ಮಳೆ ಶುರುವಾಗುವಾಗ ಹಲಸಿನ ಮೇಲೆ ಗೊಂಚಲು ಇಳಿಬಿಡುವುದು ಸೀತಾಳೆ ದಂಡೆ ಎಂಬ ಆರ್ಕಿಡ್. ಬದನಿಕೆ ಕೊಂಬೆಯೊಳಗೆ ಬೇರು ತೂರಿಸಿ ರಸ ಕುಡಿಯುತ್ತದೆ. ಸೀತಾಳೆ ಸುಮ್ನೆ ಮೇಲೆ ಕೂರುತ್ತದೆ, ಅಷ್ಟೇ.

ಅಪ್ಪೆಮಿಡಿ: ಕಡಲ ಕರೆಯಲ್ಲಿ ಕೂತು ಘಟ್ಟದ ಗಿಡ ಕಲಿಸುತ್ತೀರಾ? ಮರದ ಮೇಲೆ ಹುಟ್ಟಿದ್ದಕ್ಕೆಲ್ಲ ನಮ್ಮಜ್ಜ ಬದನಿಕೆ ಅಂತಲೇ ಅನ್ನುತ್ತಿದ್ದ. ಸಂಸ್ಕೃತದ ‘ವಂದಾ’ ಎಂಬ ಹೆಸರೂ ಎರಡಕ್ಕೂ ನಡೆಯುತ್ತದೆ. ಸಸ್ಯಶಾಸ್ತ್ರದವರು ಅದನ್ನೇ ಒಂದು ಸೀತಾಳೆ ಕುಲಕ್ಕೆ ಇಟ್ಟಿಲ್ಲವೇ?

ಕಾಳಿಹೊಳೆ: ಅಜ್ಜನಿಗೆ ನಮಸ್ಕಾರ. ಪದ್ಯ ಕಳಿಸಿದ್ದು ಅವರಲ್ಲ, ನೀವು. ಬದನಿಕೆ ಅಂದರೆ ಸಮಸ್ಯೆಯೇ ಉಳಿಯುವುದಿಲ್ಲ. ಮರವೇ ಊಟ ಹಾಕುವಾಗ ಮಣ್ಣು ಯಾಕೆ ಬೇಕು? ಸೀತಾಳೆಯ ಬೇರು ನೋಡಿ. ಒಣಗಿದಾಗ ಬಿಳಿ, ಮಳೆ ಬಿದ್ದರೆ ಹಸಿರು. ಮೇಲೆ ಸ್ಪಂಜಿನಂಥ ಪದರ ಇದೆ, ಹರಿದು ಹೋಗುವ ನೀರನ್ನು ಅದು ಹಿಡಿದುಕೊಳ್ಳುತ್ತದೆ. ಇನ್ನೊಂದು: ಮೇಲೆ ‘ಇವಳು’, ಕೆಳಗೆ ‘ನಗುತಿಹುದು’!

ಅಪ್ಪೆಮಿಡಿ: ನಗುತ್ತಿರುವುದು ಬೇರು. ನಿಮ್ಮನ್ನು ನೋಡಿ.

ಬೇಡ್ತಿ: ನನ್ನದೂ ಒಂದು.

ಘೋರ ಕಾಡಲಿ ಜಡೆಗೆ ಹೂವಿನ
ಹಾರವಿಲ್ಲದ ರಾಮನರಸಿಗೆ
ಯಾರು ಕಟ್ಟದ ದಂಡೆಯೊಂದನು ಮರವು ನೀಡಿತ್ತು
ಹೀರಿ ಮೋಡದ ತೇವವಷ್ಟನೆ
ಊರಿ ಕಾಲನು ತೊಗಟೆ ಮೇಲೆಯೆ
ಬೇರು ಮಣ್ಣನು ಮುಟ್ಟದೆಯೆ ಹೂ ಬಿಟ್ಟು ನಗುತಿಹುದು

ಕಟ್ಟೆಯವ: ಭೇಷ್ ಅಕ್ಕ.

ತೋಟದಂಚು: ಅಡಿಕೆ ಮರ ಹತ್ತಿ ಮದ್ದು ಹೊಡೆಯಲು ಬಂದ ಕೊನೆಗೌಡ ನಮ್ಮ ಮಾವಿನ ಮರದ ದಂಡೆ ಕಿತ್ತು ಒಯ್ದ. ಬೀಜದಿಂದ ಮತ್ತೆ ಬಂದೀತೇ?

ಬೇಡ್ತಿ: ಕಷ್ಟ ತಮ್ಮಾ. ಧೂಳಿನಂಥ ಬೀಜ, ಒಳಗೆ ಬುತ್ತಿಯೇ ಇಲ್ಲ. ಶಿಲೀಂಧ್ರ ಉಣಿಸಿದರಷ್ಟೇ ಮೊಳಕೆ. ಕೊನೆಗೌಡನನ್ನೇ ಕೇಳು, ಒಂದು ತುಂಡು ಕೊಟ್ಟಾನು.

ಅಪ್ಪೆಮಿಡಿ: ನಿಜ ಹೇಳಲಾ? ‘ಸೀತಾಳೆ’ ಎಂಬ ಪದ ಛಂದಸ್ಸಿನ ಆ ಜಾಗದಲ್ಲಿ ಕೂರಲಿಲ್ಲ. ಅದಕ್ಕೇ ಬದನಿಕೆ.

ಕಾಳಿಹೊಳೆ: ಹಾಗನ್ನಿ ಮಾರಾಯರೇ! ‘ಮೇರೆ ಮೀರಿದ ಚೆಲುವ ಸೀತೆಯ ದಂಡೆ ಯಾರದಿದು’. ಆಮೇಲೆ ಇಳಿಯದು, ತಾಗದು, ಬೀಳದು.

ಅಪ್ಪೆಮಿಡಿ: ನಿಮ್ಮನ್ನು ಕೇಳಿದ್ದು ಯಾರು? ಇರಲಿ, ಇಟ್ಟುಕೊಂಡಿದ್ದೇನೆ.