ಕ್ಲಿಪ್ ಟೈಮ್‌ಲೈನ್ ಮೇಲೆ ಕೂರುತ್ತಲೇ ಇಲ್ಲ, ಎರಡು ದಿನದಿಂದ ತಲೆ ಕೆಟ್ಟಿದೆ

ಬೆಟ್ಟದಮನೆ · ಶನಿವಾರ, ಬೆಳಿಗ್ಗೆ 9:40

ನಮಸ್ಕಾರ. ವಿಡಿಯೋ ಎಡಿಟ್ ಮಾಡುವಾಗ ಕ್ಲಿಪ್ ಟೈಮ್‌ಲೈನ್‌ಗೆ (ತುಣುಕುಗಳನ್ನು ಸಾಲಾಗಿ ಜೋಡಿಸುವ ಪಟ್ಟಿಗೆ) ಹೋಗುತ್ತಿಲ್ಲ. ಮೌಸ್‌ನಲ್ಲಿ ಎಳೆದುಕೊಂಡು ಹೋಗಿ ಬಿಟ್ಟರೆ ಅಲ್ಲಿ ಏನೂ ಇಲ್ಲ. ನಿನ್ನೆಯೆಲ್ಲಾ ಇದೇ ಆಯಿತು. ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ. ಲ್ಯಾಪ್‌ಟಾಪ್ ಮೂರು ಸಲ ಆಫ್ ಮಾಡಿ ಆನ್ ಮಾಡಿದೆ. ನಾಳೆ ಸಂಜೆ ನಮ್ಮ ಕುಟುಂಬದ ಹಿರಿಮನೆ ಐನ್‌ಮನೆಗೆ ಎಲ್ಲರೂ ಬರುತ್ತಾರೆ. ಪುತ್ತರಿ ಹಬ್ಬದ ವಿಡಿಯೋ ಟಿವಿಯಲ್ಲಿ ಹಾಕಿ ತೋರಿಸುತ್ತೇನೆ ಎಂದು ಹೇಳಿ ಸಿಕ್ಕಿಬಿದ್ದಿದ್ದೇನೆ. ಗೊತ್ತಿದ್ದವರು ದಯವಿಟ್ಟು ಬೇಗ ಹೇಳಿ.

ಮದುವೆಮನೆ_ಕ್ಯಾಮೆರಾ · 9:58

ಯಾವ ಸಾಫ್ಟ್‌ವೇರ್? ಯಾವುದರಲ್ಲಿ ತೆಗೆದ ಕ್ಲಿಪ್? ಗಾಡಿ ಓಡುತ್ತಿಲ್ಲ ಅಂದರೆ ಮೆಕ್ಯಾನಿಕ್ ಏನು ಮಾಡಬೇಕು ಅಣ್ಣ, ಬೈಕೋ ಜೀಪೋ ಅಂತಾದರೂ ಹೇಳಬೇಕಲ್ವಾ.

ಬೆಟ್ಟದಮನೆ · 10:05

ಅಣ್ಣ ಅಲ್ಲ, ಅಕ್ಕ. ಕೆಡೆನ್‌ಲೈವ್. ಮೊಬೈಲಿನಲ್ಲಿ ತೆಗೆದದ್ದು, ಮಾಮೂಲಿ ಎಂಪಿ4.

ಫ್ರೇಮ್‌ರೇಟ್_ಮಾವ · 10:11

ಮೊಬೈಲ್ ಅಂದಿರಲ್ಲ, ಮುಗಿಯಿತು. ಇದು ವೇರಿಯಬಲ್ ಫ್ರೇಮ್‌ರೇಟ್ ಸಮಸ್ಯೆ. ನೂರಕ್ಕೆ ನೂರು.

ಮೊಬೈಲ್ ಸೆಕೆಂಡಿಗೆ 30 ಫ್ರೇಮ್ (ಚಿತ್ರ) ಅಂತ ಬರೆದುಕೊಂಡಿರುತ್ತದೆ, ಆದರೆ ಸೆಕೆಂಡಿಗೆ ಸರಿಯಾಗಿ 30 ತೆಗೆಯುವುದಿಲ್ಲ. ಬೆಳಕು ಕಮ್ಮಿಯಾದರೆ 24ಕ್ಕೆ ಇಳಿಯಬಹುದು, ಮತ್ತೆ ಏರಬಹುದು. ಎಡಿಟಿಂಗ್ ಸಾಫ್ಟ್‌ವೇರ್‌ಗೆ ಬೇಕಾದದ್ದು ಒಂದೇ ಅಳತೆ. ಮೀಡಿಯಾಇನ್ಫೋ ಅನ್ನುವ ಸಾಫ್ಟ್‌ವೇರ್ ಹಾಕಿ ಕ್ಲಿಪ್ ತೆರೆಯಿರಿ. ಫ್ರೇಮ್‌ರೇಟ್ ಮೋಡ್ ಎದುರು ವೇರಿಯಬಲ್ ಅಂತ ಇದ್ದರೆ ನಾನು ಹೇಳಿದ್ದೇ ಸರಿ. ಹ್ಯಾಂಡ್‌ಬ್ರೇಕ್ ಅನ್ನುವ ಕನ್ವರ್ಟರ್ ಸಾಫ್ಟ್‌ವೇರ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಒತ್ತಿ ಎಲ್ಲಾ ಕ್ಲಿಪ್ ಕನ್ವರ್ಟ್ ಮಾಡಿ, ಆಮೇಲೆ ಹಾಕಿ.

ಅಂದಹಾಗೆ ಮುಂದಿನ ಸಲ 25ರಲ್ಲಿ ತೆಗೆಯಿರಿ. ನಮ್ಮ ಕರೆಂಟ್ 50 ಹರ್ಟ್ಸ್. ಟ್ಯೂಬ್‌ಲೈಟ್ ಕೆಳಗೆ 30ರಲ್ಲಿ ತೆಗೆದರೆ ಮಿನುಗುತ್ತದೆ.

ನೀಲಿಗುಡ್ಡ · 10:30

ಮೊಬೈಲ್‌ಗೆ ಕೇಬಲ್ ಹಾಕಿ ಅಲ್ಲಿಂದಲೇ ನೇರ ಎಳೆಯುತ್ತಿದ್ದೀರಾ? ಹಾಗೆ ಮಾಡಬೇಡಿ. ಮೊದಲು ಲ್ಯಾಪ್‌ಟಾಪ್‌ನಲ್ಲಿ ಒಂದು ಫೋಲ್ಡರ್ ಮಾಡಿ ಎಲ್ಲವನ್ನೂ ಅದಕ್ಕೆ ಕಾಪಿ ಮಾಡಿ. ಪ್ರಾಜೆಕ್ಟ್ ಫೈಲ್‌ನಲ್ಲಿ ವಿಡಿಯೋ ಇರುವುದಿಲ್ಲ, ವಿಡಿಯೋ ಎಲ್ಲಿದೆ ಅನ್ನುವ ವಿಳಾಸ ಮಾತ್ರ ಇರುತ್ತದೆ. ಕೇಬಲ್ ಕಿತ್ತರೆ ವಿಳಾಸವೂ ಹೋಯಿತು.

ಬೆಟ್ಟದಮನೆ · 10:34

ಕಾಪಿ ಮಾಡಿಯೇ ಹಾಕಿದ್ದು. ಅಷ್ಟು ಗೊತ್ತಿದೆ. ಹ್ಯಾಂಡ್‌ಬ್ರೇಕ್ ನೋಡುತ್ತೇನೆ.

ಮದುವೆಮನೆ_ಕ್ಯಾಮೆರಾ · 10:52

ಮಾವನಿಗೆ ನೆಗಡಿ ಬಂದರೂ ಫ್ರೇಮ್‌ರೇಟ್ ಕಾರಣ. ನನ್ನ ಪ್ರಕಾರ ಕ್ಲಿಪ್ ಹೆಚ್‌ಇವಿಸಿ ಅನ್ನುವ ಕಂಪ್ರೆಷನ್‌ನಲ್ಲಿ ಇರಬೇಕು. ಅದೇ ಕ್ವಾಲಿಟಿಗೆ ಫೈಲ್ ಹೆಚ್ಚುಕಮ್ಮಿ ಅರ್ಧ ಆಗುತ್ತದೆ, ಆದರೆ ಬಿಡಿಸುವಾಗ ಹಳೆ ಲ್ಯಾಪ್‌ಟಾಪ್ ಉಸಿರು ಹೋಗುತ್ತದೆ. ಪ್ರಾಕ್ಸಿ ಆನ್ ಮಾಡಿ. ಚಿಕ್ಕ ಕಾಪಿ ಇಟ್ಟುಕೊಂಡು ಎಡಿಟ್ ಮಾಡುವುದು, ಕೊನೆಗೆ ರೆಂಡರ್, ಅಂದರೆ ಪೂರ್ತಿ ವಿಡಿಯೋ ಫೈಲ್ ಮಾಡುವುದು, ಒರಿಜಿನಲ್‌ನಿಂದಲೇ.

ಫ್ರೇಮ್‌ರೇಟ್_ಮಾವ · 10:57

ಪ್ರಾಕ್ಸಿ ಇಲ್ಲದಿದ್ದರೆ ಪ್ಲೇ ಆಗುವಾಗ ತಡವರಿಸುತ್ತದೆ, ಅಷ್ಟೇ. ಟೈಮ್‌ಲೈನ್ ಮೇಲೆ ಕೂರುವುದಕ್ಕೂ ಅದಕ್ಕೂ ಏನು ಸಂಬಂಧ?

ಮದುವೆಮನೆ_ಕ್ಯಾಮೆರಾ · 10:58

ನಿಮ್ಮ ಫ್ರೇಮ್‌ರೇಟ್‌ಗೂ ಅದಕ್ಕೂ ಏನು ಸಂಬಂಧವೋ ಅದೇ.

ಬೆಟ್ಟದಮನೆ · ಮಧ್ಯಾಹ್ನ 1:20

ಹನ್ನೊಂದು ಕ್ಲಿಪ್ ಕನ್ವರ್ಟ್ ಮಾಡಲು ಎರಡು ಗಂಟೆ ಹಿಡಿಯಿತು. ಫ್ಯಾನ್ ಸದ್ದು ಕೇಳಿ ನಮ್ಮ ಅವ್ವ ಮಿಕ್ಸಿ ಯಾರು ಹಾಕಿದ್ದು ಎಂದು ಕೇಳಿದರು. ಈಗಲೂ ಹೋಗುತ್ತಿಲ್ಲ. ಪ್ರಾಕ್ಸಿಯೂ ಮಾಡಿ ನೋಡಿದೆ. ಇಲ್ಲ.

ಫೋಟೋ ಆದರೆ ಸರಾಗ ಹೋಗುತ್ತದೆ. ತಮ್ಮ ಡ್ರೋನ್‌ನಲ್ಲಿ ಗದ್ದೆ ತೆಗೆದಿದ್ದಾನೆ, ಅದೂ ಹೋಗುತ್ತದೆ. ಮೊಬೈಲಿನದ್ದು ಮಾತ್ರ ಹಠ.

ಫ್ರೇಮ್‌ರೇಟ್_ಮಾವ · 1:26

ನೋಡಿದಿರಾ! ಡ್ರೋನ್ ಕಾನ್‌ಸ್ಟಂಟ್ ಫ್ರೇಮ್‌ರೇಟ್‌ನಲ್ಲಿ ತೆಗೆಯುತ್ತದೆ, ಅದಕ್ಕೇ ಹೋಗುವುದು. ಹ್ಯಾಂಡ್‌ಬ್ರೇಕ್‌ನಲ್ಲಿ ಏನೋ ತಪ್ಪು ಒತ್ತಿದ್ದೀರಿ. ಪೀಕ್ ಫ್ರೇಮ್‌ರೇಟ್ ಒತ್ತಿದರೆ ಅದೂ ವೇರಿಯಬಲ್ಲೇ. ಇನ್ನೊಂದು ಸಲ ಮಾಡಿ.

ಬೆಟ್ಟದಮನೆ · 1:28

ಇನ್ನೊಂದು ಸಲ ಎರಡು ಗಂಟೆಯಾ?

ಸೋಮವಾರಪೇಟೆ_ಸವಾರ · 1:45

ಸಮಸ್ಯೆ ಗೊತ್ತಿಲ್ಲ ಅಕ್ಕ. ಆದರೆ ಅದು ಹುತ್ತರಿ ಅಲ್ವಾ? ಪುತ್ತರಿ ಅಂತ ಬರೆದಿದ್ದೀರಿ. ವಿಡಿಯೋದ ಮೇಲೆ ಟೈಟಲ್ ಹಾಕುವಾಗ ನೋಡಿಕೊಳ್ಳಿ.

ಬೆಟ್ಟದಮನೆ · 1:47

ನಮ್ಮ ಮನೆಯಲ್ಲಿ ಪುತ್ತರಿ.

ನೀಲಿಗುಡ್ಡ · 1:55

ಕೊಡವ ತಕ್ಕ್‌ನಲ್ಲಿ ಪುತ್ತರಿ, ಹೊಸ ಅಕ್ಕಿ ಅಂತ ಅರ್ಥ. ಹಳಗನ್ನಡದ ಪಾಲು ನಮಗೆ ಹಾಲಾದ ಹಾಗೆ, ಕನ್ನಡದ ಬಾಯಲ್ಲಿ ಅದು ಹುತ್ತರಿ ಆಯಿತು. ತಪ್ಪು ಸರಿ ಏನಿಲ್ಲ.

ಸೋಮವಾರಪೇಟೆ_ಸವಾರ · 1:59

ಪೇಪರ್‌ನಲ್ಲೆಲ್ಲಾ ಹುತ್ತರಿ ಅಂತಲೇ ಬರುವುದು. ಸುಮ್ನೆ ಹೇಳಿದೆ.

ಮದುವೆಮನೆ_ಕ್ಯಾಮೆರಾ · 2:10

ಅದು ಬಿಡಿ. ಅಕ್ಕ, ಲ್ಯಾಪ್‌ಟಾಪ್ ರಾಮ್ ಎಷ್ಟು? 4 ಜಿಬಿ ಇದ್ದರೆ ಈ ಕೆಲಸ ಆಗುವುದಿಲ್ಲ. ನಾನು ಹೋದ ವರ್ಷ 64 ಜಿಬಿ ಹಾಕಿಸಿದೆ. ಎರಡು ಮಾನಿಟರ್, ಒಂದರಲ್ಲಿ ಬರೀ ಟೈಮ್‌ಲೈನ್. ಮೇಲೆ ಯುಪಿಎಸ್. ಜೂನ್ ಬಂದರೆ ನಮ್ಮ ಕಡೆ ಕರೆಂಟ್ ಬಂದು ಹೋಗುವ ನೆಂಟ. ಲೆನ್ಸ್‌ಗಳಿಗೆ ಡ್ರೈ ಕ್ಯಾಬಿನೆಟ್ ಬೇರೆ ತೆಗೆದುಕೊಂಡೆ, ತೇವಾಂಶ 45ರಲ್ಲಿ ನಿಲ್ಲಿಸಿದ್ದೇನೆ. ಮೊದಲೆಲ್ಲಾ ಸೆಪ್ಟೆಂಬರ್‌ನಲ್ಲಿ ಕ್ಯಾಪ್ ತೆಗೆದರೆ ಗಾಜಿನ ಒಳಗೆ ಜೇಡನ ಬಲೆ ಹಾಗೆ ಬೂಷ್ಟು.

ಸೋಮವಾರಪೇಟೆ_ಸವಾರ · 2:18

ನಾನು ಗಾಳಿ ಆಡದ ಡಬ್ಬಿಯಲ್ಲಿ ಅಕ್ಕಿ ಹಾಕಿ ಮೇಲೆ ಲೆನ್ಸ್ ಇಡುತ್ತೇನೆ. ಖರ್ಚಿಲ್ಲ.

ಮದುವೆಮನೆ_ಕ್ಯಾಮೆರಾ · 2:20

ಅಕ್ಕಿ ಹುಡಿ ಝೂಮ್ ರಿಂಗ್ ಒಳಗೆ ಹೋಗುತ್ತದೆ ಮಾರಾಯ. ಸಿಲಿಕಾ ಜೆಲ್ ತೆಗೆದುಕೊಳ್ಳಿ. ಬಣ್ಣ ಬದಲಾದರೆ ಬಾಣಲೆಯಲ್ಲಿ ಬಿಸಿ ಮಾಡಿದರಾಯಿತು, ಮತ್ತೆ ಕೆಲಸ ಮಾಡುತ್ತದೆ.

ಬೆಟ್ಟದಮನೆ · 2:41

ನನ್ನದು 8 ಜಿಬಿ. ನಾನು ಬೂಷ್ಟಿನ ಬಗ್ಗೆ ಕೇಳಲಿಲ್ಲ. ಯಾರಾದರೂ ಇದ್ದೀರಾ?

ಕರಿಮೆಣಸು · 3:05

ಅಕ್ಕ, ಎ1ರಲ್ಲಿ ಏನಿದೆ?

ಬೆಟ್ಟದಮನೆ · 3:09

ಎ1 ಅಂದರೆ?

ಕರಿಮೆಣಸು · 3:12

ಟೈಮ್‌ಲೈನ್‌ನ ಎಡಗಡೆ ಸಾಲುಗಳ ಹೆಸರು ಇರುತ್ತದೆ. ಮೇಲೆ ವಿ2, ವಿ1. ಕೆಳಗೆ ಎ1, ಎ2. ಆ ಎ1 ಸಾಲಿನಲ್ಲಿ ಏನಾದರೂ ಹಾಕಿದ್ದೀರಾ?

ಬೆಟ್ಟದಮನೆ · 3:15

ವಾಲಗ ಇದೆ. ಆರೂವರೆ ನಿಮಿಷದ್ದು, ಮಂದ್‌ನಲ್ಲಿ (ಹಬ್ಬದ ಕುಣಿತದ ಬಯಲು) ರೆಕಾರ್ಡ್ ಮಾಡಿದ್ದು. ಅದು ಇರಲೇಬೇಕಲ್ವಾ, ಮೊದಲು ವಾಲಗ ಹಾಸಿ ಅದರ ತಾಳಕ್ಕೆ ಸರಿಯಾಗಿ ಚಿತ್ರ ಕೂರಿಸುವುದು. ಎಲ್ಲರೂ ಹಾಗೇ ಅಲ್ವಾ ಮಾಡುವುದು?

ಕರಿಮೆಣಸು · 3:17

ಕ್ಲಿಪ್ಪನ್ನು ವಿ2 ಮೇಲೆ ಬಿಟ್ಟು ನೋಡಿದ್ದೀರಾ?

ಬೆಟ್ಟದಮನೆ · 3:19

ನಿನ್ನೆ ಒಂದು ಸಲ ಮೇಲಿನ ಸಾಲಿಗೆ ಹೋಗಿತ್ತು. ನನಗೆ ಕೆಳಗಿನದ್ದರಲ್ಲಿ ಬೇಕಿತ್ತು, ಅದಕ್ಕೆ ಅಳಿಸಿದೆ.

ನೀಲಿಗುಡ್ಡ · 3:20

ಅಯ್ಯೋ ಅಕ್ಕ. ಇದನ್ನು ಬೆಳಿಗ್ಗೆಯೇ ಹೇಳಬಾರದಿತ್ತಾ.

ಕರಿಮೆಣಸು · 3:31

ಹಾಗಾದರೆ ಕ್ಲಿಪ್‌ನಲ್ಲಿ ಏನೂ ತೊಂದರೆ ಇಲ್ಲ. ಜಾಗ ಇಲ್ಲ, ಅಷ್ಟೇ.

ಕೆಡೆನ್‌ಲೈವ್‌ನಲ್ಲಿ ವಿಡಿಯೋ ಸಾಲುಗಳಿಗೂ ಆಡಿಯೋ ಸಾಲುಗಳಿಗೂ ನಡುವೆ ಒಂದು ಗೆರೆ ಇದೆ. ಅದರ ಎರಡು ಕಡೆ ಕನ್ನಡಿ ಇಟ್ಟ ಹಾಗೆ. ವಿ1ಕ್ಕೆ ಜೋಡಿ ಎ1, ವಿ2ಕ್ಕೆ ಜೋಡಿ ಎ2. ಸದ್ದು ಇರುವ ಕ್ಲಿಪ್ಪನ್ನು ವಿ1 ಮೇಲೆ ಬಿಟ್ಟರೆ ಚಿತ್ರ ವಿ1ಕ್ಕೆ ಹೋಗುತ್ತದೆ, ಸದ್ದು ತಾನಾಗಿ ಎ1ಕ್ಕೆ ಇಳಿಯುತ್ತದೆ. 2019ರ ಏಪ್ರಿಲ್‌ನಲ್ಲಿ ಬಂದ 19.04 ಆವೃತ್ತಿಯಲ್ಲಿ ಟೈಮ್‌ಲೈನ್ ಹೊಸದಾಗಿ ಬರೆದರು, ಅಲ್ಲಿಂದ ಹೀಗೆ. ನಿಮ್ಮ ವಾಲಗ ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ ಎ1ರಲ್ಲಿ ಆರೂವರೆ ನಿಮಿಷ ಉದ್ದಕ್ಕೂ ಮಲಗಿದೆ. ಸದ್ದಿಗೆ ಸೀಟಿಲ್ಲ, ಹಾಗಾಗಿ ಚಿತ್ರವೂ ಹತ್ತುವುದಿಲ್ಲ.

ಫೋಟೋಗೆ ಸದ್ದಿಲ್ಲ. ತಮ್ಮನ ಡ್ರೋನ್‌ನಲ್ಲಿ ಮೈಕ್ ಇರಲಿಕ್ಕಿಲ್ಲ. ಅವೆರಡಕ್ಕೂ ಎ1 ಬೇಕಾಗಿಲ್ಲ, ಅದಕ್ಕೇ ಹೋಗುತ್ತವೆ. ಫ್ರೇಮ್‌ರೇಟ್ ಮಾತು ಇಲ್ಲಿ ಬರುವುದೇ ಇಲ್ಲ.

ಎಡಗಡೆ ಸಾಲಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಇನ್ನೊಂದು ಆಡಿಯೋ ಟ್ರ್ಯಾಕ್ ಸೇರಿಸಿ, ಎಲ್ಲಕ್ಕಿಂತ ಕೆಳಗೆ. ವಾಲಗವನ್ನು ಅಲ್ಲಿಗೆ ಎಳೆದು ಆ ಟ್ರ್ಯಾಕ್‌ಗೆ ಬೀಗ ಹಾಕಿ, ಜಾರುವುದಿಲ್ಲ. ಮೊಬೈಲಿನ ಸದ್ದು ಬೇಡವೇ ಬೇಡ ಅಂದರೆ ಇನ್ನೊಂದು ದಾರಿ ಇದೆ. ಕ್ಲಿಪ್ ಮಾನಿಟರ್ ಮೇಲೆ ಮೌಸ್ ಇಟ್ಟರೆ ಕೆಳಗೆ ಎರಡು ಚಿಕ್ಕ ಗುರುತು ಕಾಣುತ್ತವೆ. ವಿಡಿಯೋ ಗುರುತು ಹಿಡಿದು ಎಳೆದರೆ ಚಿತ್ರ ಮಾತ್ರ ಬರುತ್ತದೆ.

ಮದುವೆಮನೆ_ಕ್ಯಾಮೆರಾ · 3:36

ಓವರ್‌ರೈಟ್ ಮೋಡ್‌ಗೆ ಬದಲಾಯಿಸಿದರೂ ಆಗುತ್ತದಲ್ವಾ? ಜಾಗ ಇಲ್ಲದಿದ್ದರೂ ಕೂರುತ್ತದೆ.

ಕರಿಮೆಣಸು · 3:38

ಕೂರುತ್ತದೆ. ವಾಲಗವನ್ನು ತುಂಡು ಮಾಡಿ ಕೂರುತ್ತದೆ.

ಬೆಟ್ಟದಮನೆ · 3:52

ಹೋಯಿತು!!! ಹನ್ನೊಂದೂ ಹೋಯಿತು. ಕನ್ವರ್ಟ್ ಮಾಡದ ಹಳೇ ಫೈಲ್‌ಗಳೇ ಹೋದವು. ಕರಿಮೆಣಸು, ನೀವು ಯಾರೋ ಗೊತ್ತಿಲ್ಲ, ನಿಮಗೆ ತಂಬಿಟ್ಟು ಕಳಿಸಬೇಕು. ಎರಡು ದಿನ!

ಫ್ರೇಮ್‌ರೇಟ್_ಮಾವ · 4:10

ಒಳ್ಳೆಯದಾಯಿತು. ಆದರೆ ಹಳೇ ಫೈಲ್ ಹಾಕಿ ತಪ್ಪು ಮಾಡಿದಿರಿ. ವೇರಿಯಬಲ್ ಆದದ್ದರಿಂದ ಸದ್ದು ಚಿತ್ರಕ್ಕಿಂತ ಹಿಂದೆ ಬೀಳುತ್ತದೆ. ಬರೆದಿಟ್ಟುಕೊಳ್ಳಿ.

ಬೆಟ್ಟದಮನೆ · ರಾತ್ರಿ 8:25

ಮಾವ ಹೇಳಿದ್ದು ನಿಜ ಅನ್ನಿಸುತ್ತದೆ. ಕದಿರು ತೆಗೆಯುವಾಗ ಗದ್ದೆಯಲ್ಲಿ ಕೋವಿ ಹಾರಿಸುತ್ತಾರಲ್ಲ, ಆ ಕ್ಲಿಪ್ ಒಂದೊಂದೇ ಫ್ರೇಮ್ ಸರಿಸಿ ನೋಡಿದೆ. ಕತ್ತಲಲ್ಲಿ ಕೋವಿಯ ತುದಿಯಲ್ಲಿ ಬೆಂಕಿ ಒಂದೇ ಫ್ರೇಮ್ ಕಾಣುತ್ತದೆ. ಕೆಳಗೆ ಸದ್ದಿನ ಗೆರೆ ಮಟ್ಟಸವಾಗಿದೆ. ಒಂಬತ್ತು ಫ್ರೇಮ್ ಕಳೆದ ಮೇಲೆ ಈಟಿ ಎದ್ದ ಹಾಗೆ ನೆಟ್ಟಗೆ ಏಳುತ್ತದೆ, ಅದರ ಹಿಂದೆ ಎಲ್ಲರ ‘ಪೊಲಿ ಪೊಲಿ ದೇವಾ’. ಬೆಂಕಿ ಮೊದಲು, ಢಂ ಆಮೇಲೆ. ಈಗ ಏನು ಮಾಡಲಿ?

ಫ್ರೇಮ್‌ರೇಟ್_ಮಾವ · 8:27

ನಾನು ಬೆಳಿಗ್ಗೆ 10:11ಕ್ಕೆ ಏನು ಹೇಳಿದ್ದೆ? ಮೇಲೆ ಹೋಗಿ ಓದಿ, ಎಲ್ಲರೂ.

ಕರಿಮೆಣಸು · 8:40

ಕ್ಲಿಪ್ ಶುರುವಾಗಿ ಎಷ್ಟು ಹೊತ್ತಿಗೆ ಕೋವಿ ಹಾರಿದ್ದು? ನೀವು ಎಲ್ಲಿ ನಿಂತಿದ್ದಿರಿ?

ಬೆಟ್ಟದಮನೆ · 8:46

ಹನ್ನೆರಡನೇ ಸೆಕೆಂಡಿಗೆ. ನಾನು ಕೆಳಗೆ ಇಳಿಯಲಿಲ್ಲ, ಮಗು ಕೈಯಲ್ಲಿತ್ತು. ಮನೆ ಅಂಗಳದಿಂದಲೇ ಝೂಮ್ ಮಾಡಿ ತೆಗೆದೆ. ಗದ್ದೆ ನೂರು ಮೀಟರ್ ಇರಬಹುದು.

ಕರಿಮೆಣಸು · 8:54

ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ನೂರು ಮೀಟರ್‌ಗೆ 0.3 ಸೆಕೆಂಡ್. 30 ಫ್ರೇಮ್‌ನ ಪ್ರಾಜೆಕ್ಟ್‌ನಲ್ಲಿ ಅದು ಒಂಬತ್ತು ಫ್ರೇಮ್. ಮಿಂಚು ಮೊದಲು, ಗುಡುಗು ಆಮೇಲೆ. ನಿಮ್ಮ ಮೊಬೈಲ್ ಸರಿಯಾಗಿಯೇ ರೆಕಾರ್ಡ್ ಮಾಡಿದೆ.

ನೋಡುವವರಿಗೆ ಬೇಸರ ಆಗುತ್ತದೆ ಅನ್ನಿಸಿದರೆ ಕ್ಲಿಪ್ ಮೇಲೆ ಅನ್‌ಗ್ರೂಪ್ ಕೊಟ್ಟು ಸದ್ದನ್ನು ಮಾತ್ರ ಒಂಬತ್ತು ಫ್ರೇಮ್ ಎಡಕ್ಕೆ ಸರಿಸಿ. ಆದರೆ ಅದೇ ಕ್ಲಿಪ್‌ನಲ್ಲಿ ಮಗು ಅತ್ತಿದ್ದರೆ ಅದರ ಅಳು ಒಂಬತ್ತು ಫ್ರೇಮ್ ಮೊದಲೇ ಕೇಳುತ್ತದೆ, ನೋಡಿಕೊಳ್ಳಿ.

ಫ್ರೇಮ್‌ರೇಟ್_ಮಾವ · 9:02

ದೂರದ ಲೆಕ್ಕ ಒಪ್ಪುತ್ತೇನೆ. ಆದರೂ ಹತ್ತು ನಿಮಿಷದ ಕ್ಲಿಪ್ ಇದ್ದರೆ ಕೊನೆಯಲ್ಲಿ ನೋಡಿ. ಶುರುವಿನಲ್ಲಿ ಸರಿ ಇದ್ದು ಹೋಗುತ್ತಾ ಹೋಗುತ್ತಾ ತಪ್ಪಿದರೆ ಅದು ಫ್ರೇಮ್‌ರೇಟೇ.

ಕರಿಮೆಣಸು · 9:04

ಅದು ಸರಿ ಮಾವ.

ಬೆಟ್ಟದಮನೆ · ಭಾನುವಾರ, ಬೆಳಿಗ್ಗೆ 11:15

ಸರಿಸಲಿಲ್ಲ. ಹಾಗೇ ಬಿಟ್ಟೆ. ರಾತ್ರಿ ರೆಂಡರ್‌ಗೆ ಇಟ್ಟು ಮಲಗಿದೆ. ಕರೆಂಟ್ ಹೋಗಿ, ಬ್ಯಾಟರಿ ಮುಗಿದು, ಶೇಕಡಾ 62ರಲ್ಲಿ ನಿಂತಿದೆ. ಈಗ ಮತ್ತೆ ಇಟ್ಟಿದ್ದೇನೆ.

ಮದುವೆಮನೆ_ಕ್ಯಾಮೆರಾ · 11:20

ಯುಪಿಎಸ್ ಬಗ್ಗೆ ಹೇಳಿದಾಗ ಜಂಬ ಅಂದುಕೊಂಡಿರಿ. ನನ್ನದು ನಲವತ್ತು ನಿಮಿಷ ತಡೆಯುತ್ತದೆ.

ಸೋಮವಾರಪೇಟೆ_ಸವಾರ · 11:48

ಅಕ್ಕ, ಮುಗಿದ ಮೇಲೆ ಹುತ್ತರಿ ವಿಡಿಯೋ ಇಲ್ಲೂ ಹಾಕಿ, ನೋಡೋಣ.

ಬೆಟ್ಟದಮನೆ · 11:50

ಪುತ್ತರಿ.