ನೈಸರ್ಗಿಕ ಚಕ್ರಗಳ ಕಾರ್ಯಾಗಾರ: ಶಿಕ್ಷಕರ ಕೈಯಲ್ಲಿ ಏನೇನು ಮಾಡಿಸಬಹುದು?

ಪ್ರಶ್ನೆ: ನಮ್ಮ ತಾಲ್ಲೂಕಿನ 30 ಪ್ರೌಢಶಾಲಾ ವಿಜ್ಞಾನ ಶಿಕ್ಷಕರಿಗೆ ಒಂದು ದಿನದ ಕಾರ್ಯಾಗಾರವಿದೆ. ವಿಷಯ ಜಲಚಕ್ರ, ಇಂಗಾಲದ ಚಕ್ರ, ಸಾರಜನಕ ಚಕ್ರ. ಬೋರ್ಡಿನ ಮೇಲೆ ಬಾಣ ಎಳೆದು ಮುಗಿಸುವುದು ಬೇಡ, ಕೈಯಾರೆ ಮಾಡಬೇಕು. ಲ್ಯಾಬ್ ಇಲ್ಲ. ಮಾಡಿಸಿ ಗೊತ್ತಿರುವವರು ತಿಳಿಸಿ.

ಜೀವಶಾಸ್ತ್ರ ಶಿಕ್ಷಕಿ: ಸಾರಜನಕದಿಂದ ಶುರು ಮಾಡಿ ಸರ್, ಮೂರರಲ್ಲಿ ಕಣ್ಣಿಗೆ ಕಾಣದ್ದು ಅದೇ. ಹೂ ಬಿಡುವ ಹಂತದ ಅಲಸಂದೆ ಗಿಡ ತರಿಸಿ. ಕೈಯಲ್ಲಿ ಕಿತ್ತರೆ ಬೇರಿನ ಗಂಟುಗಳು ಮಣ್ಣಲ್ಲೇ ಉಳಿಯುತ್ತವೆ. ಗುದ್ದಲಿಯಿಂದ ಒಂದು ಗೇಣು ಆಳಕ್ಕೆ ಹೆಂಟೆ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಮೆಲ್ಲಗೆ ಅಲ್ಲಾಡಿಸಿ ತೊಳೆಯಿರಿ. ಗಂಟನ್ನು ಬ್ಲೇಡಿನಲ್ಲಿ ಸೀಳಿ ಕೂಡಲೇ ನೋಡಿ. ಒಳಗೆ ಗುಲಾಬಿ ಬಣ್ಣವಿದ್ದರೆ ಅದು ಲೆಗ್‌ಹಿಮೋಗ್ಲೋಬಿನ್ ಎಂಬ ಪ್ರೋಟೀನ್, ಅಂದರೆ ಸಾರಜನಕ ಸ್ಥಿರೀಕರಣ (ಗಂಟಿನೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡ ಬಳಸುವ ರೂಪಕ್ಕೆ ತರುವುದು) ನಡೆಯುತ್ತಿದೆ. ಹಸಿರು, ಕಂದು ಇದ್ದರೆ ಗಂಟಿಗೆ ವಯಸ್ಸಾಗಿದೆ. ಯೂರಿಯಾ ಸುರಿದ ಹೊಲದ ಗಿಡವನ್ನೂ ಪಕ್ಕದಲ್ಲಿಡಿ, ಗಂಟು ಕಡಿಮೆ ಇರುತ್ತವೆ: ಮಣ್ಣಿನಲ್ಲೇ ನೈಟ್ರೇಟ್ ರೂಪದ ಸಾರಜನಕ ಸಿಕ್ಕರೆ ಗಿಡ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಖರ್ಚು ಮಾಡುವುದಿಲ್ಲ. ಬೇರಿಗೆ ತಗಲುವ ಜಂತುಹುಳು (ನೆಮಟೋಡ್) ಬಾಧೆಯ ಊತವನ್ನು ಗಂಟೆಂದು ತಿಳಿಯುವವರು ಬಹಳ. ನಿಜವಾದ ಗಂಟು ಉಗುರು ತಾಗಿಸಿದರೆ ಉದುರುತ್ತದೆ, ಊತ ಬೇರಿನದೇ ಭಾಗ, ಬಿಡಿಸಲಾಗದು.

ರಸಾಯನಶಾಸ್ತ್ರ ಉಪನ್ಯಾಸಕರು: ಇಂಗಾಲಕ್ಕೆ ಸುಣ್ಣದ ತಿಳಿನೀರು ಸಾಕು. ಹಿಂದಿನ ದಿನವೇ 1 ಲೀಟರ್ ನೀರಿಗೆ ಎರಡು ಚಮಚ ಎಲೆಅಡಿಕೆಯ ಸುಣ್ಣ ಕದಡಿ, ಬೆಳಿಗ್ಗೆ ತಿಳಿ ಬಗ್ಗಿಸಿ, ಬಾಟಲಿಯ ಕತ್ತಿನವರೆಗೂ ತುಂಬಿ ಮುಚ್ಚಿಡಿ. ಗಾಳಿ ತಾಗಿದರೆ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಒಣಗಿ ಹಳೆಯದಾದ ಸುಣ್ಣ ಆಗಲೇ ಕಾರ್ಬೊನೇಟ್ ಆಗಿರುತ್ತದೆ, ಕೆಲಸಕ್ಕೆ ಬಾರದು. ಎರಡು ಗಾಜಿನ ಭರಣಿ ತೆಗೆದುಕೊಳ್ಳಿ. ಒಂದರಲ್ಲಿ ಮೊಳಕೆ ಹೆಸರುಕಾಳು, ಇನ್ನೊಂದರಲ್ಲಿ ಬೇಯಿಸಿ ಆರಿಸಿದ ಅದೇ ಕಾಳು. ಎರಡರೊಳಗೂ ತಿಳಿನೀರಿನ ಪುಟ್ಟ ಬಟ್ಟಲಿಟ್ಟು ಬಿಗಿಯಾಗಿ ಮುಚ್ಚಿ. ಮೊಳಕೆ ಉಸಿರಾಡಿ ಬಿಡುವ ಇಂಗಾಲದ ಡೈಆಕ್ಸೈಡ್‌ನಿಂದ ಆ ಭರಣಿಯ ತಿಳಿನೀರು ಹಾಲಿನಂತಾಗುತ್ತದೆ. ಸಂಜೆಯೊಳಗೆ ಮುಗಿಸಿ, ಮರುದಿನಕ್ಕೆ ಬೇಯಿಸಿದ ಕಾಳೂ ಕೊಳೆಯತೊಡಗಿ ಸೂಕ್ಷ್ಮಜೀವಿಗಳ ಉಸಿರಿಗೆ ಅಲ್ಲೂ ಬಿಳಿಯಾಗುತ್ತದೆ. ಕೊಳೆಯುವಿಕೆ ಪಾಠಕ್ಕೆ ಅದನ್ನೇ ಬೇರೆಯಾಗಿ ಬಳಸಬಹುದು, ಬಹಳ ಒಳ್ಳೆಯ ಪಾಠ. ತಿಳಿನೀರಿಗೆ ಸ್ಟ್ರಾದಿಂದ ಉಸಿರು ಊದಿಸುವಾಗ ಬಿಳಿಯಾದ ಮೇಲೂ ಊದುತ್ತಿದ್ದರೆ ಮತ್ತೆ ತಿಳಿಯಾಗುತ್ತದೆ, ಕರಗುವ ಬೈಕಾರ್ಬೊನೇಟ್ ಆಗುವುದರಿಂದ. ಊದಬೇಕು, ಹೀರಬಾರದು, ಸುಣ್ಣ ಬಾಯಿ ಸುಡುತ್ತದೆ.

ಸಂಪನ್ಮೂಲ ವ್ಯಕ್ತಿ: ಜಲಚಕ್ರಕ್ಕೆ ಹೆಚ್ಚು ಹೊತ್ತು ಬೇಡ. ಬಿಸಿಲಿನ ಕೊಂಬೆಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಎಲೆ ಕಿತ್ತ ಕೊಂಬೆಗೂ ಒಂದು ಕಟ್ಟಿ, ಊಟದ ಹೊತ್ತಿಗೆ ಎರಡರೊಳಗೂ ಕೂಡಿದ ನೀರನ್ನು ಹೋಲಿಸಿ. ಎಲೆ ಒದ್ದೆ ಇರಬಾರದು.

ಪ್ರಶ್ನೆ ಕೇಳಿದವರು: ಕಾರ್ಯಾಗಾರ ಏಪ್ರಿಲ್‌ನಲ್ಲಿ. ಆಗ ಹೊಲದಲ್ಲಿ ಅಲಸಂದೆ ಸಿಗದಿದ್ದರೆ?

ಜೀವಶಾಸ್ತ್ರ ಶಿಕ್ಷಕಿ: 40 ದಿನ ಮೊದಲೇ ಕುಂಡದಲ್ಲಿ ಬಿತ್ತಿ ಸರ್. ತೆಂಗಿನ ನಾರಿನ ಪುಡಿ ಮಾತ್ರ ತುಂಬಿದರೆ ಗಂಟು ಕಟ್ಟಿಸುವ ರೈಜೋಬಿಯಂ ಬ್ಯಾಕ್ಟೀರಿಯಾ ಇರದೆ ಗಂಟು ಬರದಿರಬಹುದು. ಹಿಂದೆ ಅಲಸಂದೆ ಬೆಳೆದ ಹೊಲದ ಮಣ್ಣನ್ನೇ ತುಂಬಿ, ಗೊಬ್ಬರ ಹಾಕಬೇಡಿ, ನೀರು ನಿಲ್ಲದಂತೆ ತಳಕ್ಕೆ ತೂತು ಮಾಡಿಸಿ.